ಪಿಲ್‌ನಾಮ್ ಅಕ್ಕನ ಹಟದ ನಗು

ನಮ್ಮ ಮಾರುಕಟ್ಟೆಯಲ್ಲಿ ಪ್ಯೋ ಪಿಲ್‌ನಾಮ್ ಕೂತಿದ್ದನ್ನು ಕಂಡವರು ಕಡಿಮೆ. ಅಂಗಡಿಯ ಹಿಂದೆ ಒಂದು ಸ್ಟೂಲು ಇತ್ತು; ಅದರ ಮೇಲೆ ಯಾವಾಗಲೂ ಮೂಲಂಗಿಯ ಚೀಲವೇ ಕೂತಿರುತ್ತಿತ್ತು. ಅಕ್ಕ ನಿಂತೇ ಇರುವಳು. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುವಳು, ಮುಚ್ಚಿದ ಡಬ್ಬಿಗಳ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚುವಳು, ಗಲ್ಲಿಯ ತುದಿಯವರೆಗೆ ನಡೆದು ಯಾರೂ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ವಾಪಸ್ ಬರುವಳು. ನನ್ನದು ಎದುರಿನ ಎಣ್ಣೆ ಗಿರಣಿ. ಎಳ್ಳು ಹುರಿಯಲು ಹಾಕಿ ನಿಂತರೆ ನನ್ನ ಕಣ್ಣಿಗೆ ಬೀಳುತ್ತಿದ್ದುದು ಅವಳೊಬ್ಬಳೇ.

"ಅಕ್ಕಾ, ಒಂದು ಗಳಿಗೆ ಕೂತ್ಕೊಳ್ಳೇ. ನಿನ್ನ ನೋಡಿ ನೋಡಿ ನನ್ನ ಕಾಲು ನೋಯತ್ತೆ."

"ಕೂತ್ರೆ ಏನೋ ಮರೆತು ಬಂದ ಹಾಗಾಗತ್ತೆ ಕಣೇ. ಎದ್ದೇಳ್ಬೇಕು ಅನ್ನಿಸತ್ತೆ."

ಅವಳು ದಕ್ಷಿಣದ ದ್ವೀಪವೊಂದರ ಉಪ್ಪಿನ ಗದ್ದೆಯವರ ಮೂರನೆಯ ಹೆಣ್ಣು. ಪಿಲ್‌ನಾಮ್ ಎಂದರೆ 'ಖಂಡಿತ ಗಂಡು'. ಮುಂದಿನದಾದರೂ ಗಂಡಾಗಲಿ ಎಂದು ಅಪ್ಪ ಇಟ್ಟ ಹೆಸರು. ಮುಂದಿನದು ಗಂಡೇ ಆಯಿತು. "ಹೆಸರು ಕೆಲಸ ಮಾಡ್ತು. ಕೆಲಸ ಆದ ಮೇಲೆ ನನಗೊಂದು ಹೆಸರು ಇಡ್ಬೇಕು ಅನ್ನೋದನ್ನ ಎಲ್ರೂ ಮರೆತುಬಿಟ್ರು," ಎನ್ನುತ್ತಿದ್ದಳು. ಹದಿಹರೆಯದಲ್ಲೇ ಇಂಚಾನ್ ನಗರಕ್ಕೆ ಬಂದು ದಾರದ ಮಿಲ್ಲಿನಲ್ಲಿ ದುಡಿದಳು. ಬಂದರಿನ ಕ್ರೇನು ರಿಪೇರಿ ಮಾಡುವವನನ್ನು ಮದುವೆಯಾದಳು. ಮಕ್ಕಳಾಗಲಿಲ್ಲ. ಗಂಡ ಯಕೃತ್ತಿನ ಕಾಯಿಲೆಯಿಂದ ತೀರಿಕೊಂಡ ಮೇಲೆ ನಮ್ಮ ಗಲ್ಲಿಯಲ್ಲಿ ಪಲ್ಯ, ಉಪ್ಪಿನಕಾಯಿ, ಹುಳಿ ಬರಿಸಿದ ಕೋಸಿನ ಕಿಮ್ಚಿಗಳ ಅಂಗಡಿ ಹಾಕಿದಳು.

ಕೈ ರುಚಿ ಚೆನ್ನಾಗಿತ್ತು. ತೊಂದರೆ ಇದ್ದದ್ದು ಮುಖದಲ್ಲಿ. ಹುಟ್ಟಿನಿಂದಲೇ ಅವಳ ತುಟಿಯ ಎರಡೂ ತುದಿಗಳು ಕೆಳಕ್ಕೆ ಜೋತಿದ್ದವು. ಸುಮ್ಮನೆ ನಿಂತರೂ ಯಾರ ಮೇಲೋ ಸಿಟ್ಟಾದಂತೆ ಕಾಣುವಳು. ಗಿರಾಕಿಗಳು ಬೆಲೆ ಕೇಳಲೂ ಹೆದರುತ್ತಿದ್ದರು. ಪಕ್ಕದ ಅಂಗಡಿಯಲ್ಲಿ ಮೀನಿನ ವಡೆ ಕರಿಯುವ ಬಾಂಗ್ ಬಾಯಿ ಮುಚ್ಚಿದವನಲ್ಲ. "ಪಿಲ್‌ನಾಮಕ್ಕಾ, ಆ ಕಡೆ ತಿರುಗ್ಕೋ. ನಿನ್ನ ಮುಖ ನೋಡಿ ನನ್ನ ಎಣ್ಣೆ ಕಾಯೋದನ್ನೇ ನಿಲ್ಲಿಸ್ತು!" ಎಂದು ಎಲ್ಲರಿಗೂ ಕೇಳುವಂತೆ ಕೂಗುವನು.

ಅಂಗಡಿ ನಡೆಯಬೇಕಿತ್ತು. ಆದ್ದರಿಂದ ಅಕ್ಕ ನಗು ಕಲಿತಳು. ಸ್ಟೀಲ್ ಸೌಟಿನ ಬೆನ್ನಿನಲ್ಲಿ ಮುಖ ನೋಡಿಕೊಂಡು, ಕೆನ್ನೆಯನ್ನು ಎರಡು ಬೆರಳಿನಿಂದ ಮೇಲಕ್ಕೆ ತಳ್ಳಿ ತಳ್ಳಿ ಕಲಿತಳು. ಗಿರಾಕಿ ಹತ್ತಿರ ಬಂದ ಕೂಡಲೇ ಆ ನಗು ಅಂಗಡಿಯ ಶಟರ್ ಎತ್ತಿದ ಹಾಗೆ ಒಮ್ಮೆಲೇ ಮೇಲೇಳುತ್ತಿತ್ತು. ಗಿರಾಕಿ ಬೆನ್ನು ತಿರುಗಿಸಿದರೆ ಹಾಗೆಯೇ ಬೀಳುತ್ತಿತ್ತು. ಬಾಯಿ ನಗುತ್ತಿತ್ತು, ಕಣ್ಣು ಮಾತ್ರ ತನ್ನ ಪಾಡಿಗೆ ಡಬ್ಬಿಗಳ ಮೇಲೆ ಓಡಾಡುತ್ತಿತ್ತು.

ಇಂಥ ನಗುವಿಗೆ ನಮ್ಮ ಮಾತಿನಲ್ಲಿ 'ಒಕ್ಜಿ ಉಸುಮ್' ಎನ್ನುತ್ತೇವೆ. ಉಸುಮ್ ಎಂದರೆ ನಗು. ಒಕ್ಜಿ ಎನ್ನುವುದು ಹಟ, ಅದೂ ಯಾರ ಮಾತಿಗೂ ಬಗ್ಗದ ಮೊಂಡು ಹಟ. ಮಗು ಅಂಗಡಿಯ ಮುಂದೆ ನೆಲಕ್ಕೆ ಬಿದ್ದು ಹೊರಳಾಡಿ ಆಟದ ಸಾಮಾನು ಕೇಳಿದರೆ ಅದು ಒಕ್ಜಿ. ಮುದುಕನೊಬ್ಬ ಕೆಂಪು ದೀಪ ದಾಟಿ ಬಂದು ಹಸಿರೇ ಇತ್ತು ಎಂದು ಪೊಲೀಸಿನವನ ಜೊತೆ ವಾದಿಸಿದರೆ ಅದೂ ಒಕ್ಜಿ. ಬಾರದ ನಗುವನ್ನು ಹಾಗೆ ಮೊಂಡುತನದಿಂದ ಎಳೆದು ತಂದು ಮುಖಕ್ಕೆ ಹಚ್ಚಿಕೊಂಡರೆ ಒಕ್ಜಿ ಉಸುಮ್. ಮೇಲಧಿಕಾರಿಯ ಹಳಸಲು ಜೋಕಿಗೆ ಗುಮಾಸ್ತರು ನಗುವುದು, ಅತ್ತೆ ಇನ್ನೊಂದು ವಾರ ಉಳಿಯುತ್ತೇನೆ ಎಂದಾಗ ಸೊಸೆ ನಗುವುದು ಎಲ್ಲ ಅದೇ. ಬೆನ್ನ ಹಿಂದೆ ಆಡಿದರೆ ತಮಾಷೆಯ ಮಾತು. ಮುಖದ ಮೇಲೆ ಅಂದರೆ ಕೆನ್ನೆಗೆ ಹೊಡೆದ ಹಾಗೆ.

ಅಕ್ಕನ ಬೆನ್ನ ಹಿಂದೆ ಎಲ್ಲರೂ ಅನ್ನುತ್ತಿದ್ದರು. ಅವಳಿಗೂ ಗೊತ್ತಿತ್ತು.

ಮಾ ಎಂಬ ಮನುಷ್ಯ ನಮ್ಮ ಗಲ್ಲಿಗೆ ಬಂದದ್ದು ಸಿಹಿಯಾಗಿ ಬೇಯಿಸಿದ ತಾವರೆ ಬೇರು ಕೊಳ್ಳಲು. ಕರಿ ಸೂಟು, ನೀಟಾಗಿ ಬಾಚಿದ ತಲೆ. ಸಾವಿನ ಮನೆಗೂ ಮದುವೆ ಮನೆಗೂ ಒಂದೇ ಉಡುಪಿನಲ್ಲಿ ಹೋಗಬಲ್ಲವನಂತೆ ಕಾಣುತ್ತಿದ್ದ. ಅವನು ಪೊಟ್ಟಣ ಕೈಗೆ ಬಂದ ಮೇಲೂ ಹೊರಡದೆ ಅಕ್ಕನ ಮುಖವನ್ನೇ ನೋಡುತ್ತ ನಿಂತ. ಅಕ್ಕನ ನಗು ಬೀಳಲೂ ಆಗದೆ ಏಳಲೂ ಆಗದೆ ಅಲ್ಲೇ ನಿಂತಿತು.

"ಅಮ್ಮಾ, ಶನಿವಾರ ಒಂದು ಮದುವೆಗೆ ಬರ್ತೀರಾ?"

"ಯಾರ ಮದುವೆ?"

"ಅದು ನನಗೂ ಸರಿಯಾಗಿ ಗೊತ್ತಿಲ್ಲ. ಹುಡುಗನ ಕಡೆ ಜನ ಕಮ್ಮಿ."

ಮದುವೆಯ ಸಭಾಂಗಣದಲ್ಲಿ ಒಂದು ಬದಿ ತುಂಬಿ, ಇನ್ನೊಂದು ಬದಿ ಖಾಲಿ ಕುರ್ಚಿ ಕಂಡರೆ ಆ ಕಡೆಯವರ ಮಾನ ಹೋಯಿತು. ಹಾಗಾಗಿ ಬಾಡಿಗೆ ನೆಂಟರನ್ನು ಒದಗಿಸುವವರು ನಮ್ಮಲ್ಲಿ ಇದ್ದಾರೆ. ಮಾ ಅಂಥವನು. ಹೋಗಬೇಕು, ಕೂರಬೇಕು, ಚಪ್ಪಾಳೆ ತಟ್ಟಬೇಕು, ಊಟ ಮಾಡಿ, ಗುಂಪಿನ ಫೋಟೋದಲ್ಲಿ ನಿಂತು ಬರಬೇಕು. ಅಳಬಾರದು, ಕುಡಿಯಬಾರದು, ಆಮೇಲೆ ಆ ಮನೆಯವರನ್ನು ಎಲ್ಲೇ ಕಂಡರೂ ಗುರುತು ಹಿಡಿಯಬಾರದು.

ಬಾಂಗಿಗೆ ಹಬ್ಬವಾಯಿತು. "ಪಿಲ್‌ನಾಮಕ್ಕನ ನಗು ಬಾಡಿಗೆಗೆ ಹೋಯ್ತಪ್ಪೋ! ಹೇಗಕ್ಕಾ, ಹಲ್ಲಿಗೊಂದು ರೇಟಾ?"

"ನಿನ್ನ ಹಲ್ಲು ಪುಕ್ಕಟೆ ಕೊಟ್ರೂ ಯಾರೂ ಒಯ್ಯಲ್ಲ. ವಡೆ ಸೀದು ಹೋಗ್ತಿದೆ ನೋಡು."

ಅವಳು ಆ ಕೆಲಸವನ್ನು ಇಷ್ಟಪಟ್ಟಳು ಎಂದರೆ ಯಾರೂ ನಂಬುತ್ತಿರಲಿಲ್ಲ. ನನಗೆ ಒಮ್ಮೆ ಹೇಳಿದಳು: "ಅಲ್ಲಿ ಎಲ್ರೂ ಹಾಗೇ ನಗ್ತಾರೆ ಕಣೇ. ನಿಜವಾದ ನೆಂಟರೂ ಅಷ್ಟೇ. ನನ್ನದೊಂದೇ ಎದ್ದು ಕಾಣಲ್ಲ."

ಮೊದಲು ಹಿಂದಿನ ಸಾಲಿನಲ್ಲಿ ಕೂತಳು. ಆಮೇಲೆ ದೂರದ ಸೋದರತ್ತೆಯಾದಳು, ತಾಯಿಯ ಗೆಳತಿಯಾದಳು. ಒಂದು ವಸಂತದಲ್ಲಿ ಮಾ ಅವಳಿಗೆ ದೊಡ್ಡ ಕೆಲಸವನ್ನೇ ತಂದ. ಹುಡುಗಿಯ ಹೆಸರು ದಾಸೊಲ್. ಅನಾಥಾಲಯದಲ್ಲಿ ಬೆಳೆದವಳು, ಹಲ್ಲಿನ ಆಸ್ಪತ್ರೆಯಲ್ಲಿ ಸಹಾಯಕಿ. ಹುಡುಗ ತೇಗ್ಯುನನಿಗೆ ಎಲ್ಲ ಗೊತ್ತು. ಆದರೆ ಅವನ ತಾಯಿ ಕಟ್ಟುನಿಟ್ಟಿನ ಹೆಂಗಸು. ಹುಡುಗಿಯ ಮನೆತನದ ಬಗ್ಗೆ ಕೇಳಿದಾಗ ತೇಗ್ಯುನ್ ಹೆದರಿ, ತಂದೆತಾಯಿ ಇಲ್ಲ, ದೂರದ ಪೊಹಾಂಗ್ ಊರಿನ ಚಿಕ್ಕಮ್ಮ ಸಾಕಿದ್ದಾಳೆ ಎಂದುಬಿಟ್ಟಿದ್ದ. ಈಗ ಆ ಚಿಕ್ಕಮ್ಮ ಬೇಕಿತ್ತು. ಅದೂ ಮುಂದಿನ ಸಾಲಿನಲ್ಲಿ, ತಾಯಿಯ ಜಾಗದಲ್ಲಿ.

ಅಕ್ಕ ನಮ್ಮ ಮದುವೆಯ ಉಡುಪಾದ ನಸುಗೆಂಪು ಹಾನ್‌ಬೋಕ್ ಉಟ್ಟು ಹೋದಳು. ಆ ದಿನದ್ದನ್ನು ಆಮೇಲೆ ನನಗೆ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಪ್ರತಿ ಸಲವೂ ನನ್ನ ಗಿರಣಿಯ ಬಾಗಿಲಿನಿಂದ ಹುರಿಯುವ ಯಂತ್ರದವರೆಗೆ ಹೋಗಿ ಬಂದು ಮಾಡುತ್ತಲೇ ಹೇಳಿದಳು.

ಮದುವೆ ಶುರುವಾಗುವಾಗ ಎರಡೂ ಕಡೆಯ ತಾಯಂದಿರು ಜೊತೆಯಾಗಿ ನಡೆದು ಹೋಗಿ ಮೇಣದ ದೀಪ ಹಚ್ಚಬೇಕು. ಹುಡುಗನ ತಾಯಿ ಚು ಬೊಕ್‌ಹಿ ನೀಲಿ ಹಾನ್‌ಬೋಕ್‌ನಲ್ಲಿ ನೆಟ್ಟಗೆ ನಿಂತಿದ್ದಳು. ಹೊರಗೆ ಮುಂದಿನ ಮದುವೆಯ ಹುಡುಗಿ ಆಗಲೇ ಬಂದು ಕಾಯುತ್ತಿದ್ದಳು. ಸಭಾಂಗಣದ ನೌಕರರು ಬೇಗ ಬೇಗ ಎಂದು ಸನ್ನೆ ಮಾಡುತ್ತಿದ್ದರು. ಇನ್ನೂರು ಜನ ನೋಡುತ್ತಿದ್ದರು. ಅಕ್ಕನ ಮುಖದ ಮೇಲೆ ನಗು ಭದ್ರವಾಗಿತ್ತು, ಕೈ ಮಾತ್ರ ನಡುಗಿತು. ಬತ್ತಿಗೆ ಬೆಂಕಿ ತಗಲಲೇ ಇಲ್ಲ. ಆಗ ಚು ಬೊಕ್‌ಹಿ ತನ್ನ ದೀಪ ಹಚ್ಚಿ ಮುಗಿಸಿ, ಅಕ್ಕನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಹಚ್ಚಿಸಿದಳು.

"ಒಬ್ಬರೇ ಸಾಕಿದ್ದೀರಿ. ನಡುಗದೆ ಇರತ್ತಾ ಕೈ," ಎಂದು ಮೆಲ್ಲಗೆ ಅಂದಳಂತೆ.

ಆಮೇಲೆ ಮದುಮಕ್ಕಳು ಹಿರಿಯರಿಗೆ ನಮಸ್ಕರಿಸಲು ಬಂದರು. ದಾಸೊಲ್ ಅಕ್ಕನ ಮುಂದೆ ಬಗ್ಗಿದವಳು ತಕ್ಷಣ ಏಳಲಿಲ್ಲ. ಎದ್ದು ತಬ್ಬಿಕೊಂಡಾಗ, ಕಿವಿಯ ಹತ್ತಿರ, "ತೊಂದ್ರೆ ಕೊಟ್ಟೆ, ಕ್ಷಮಿಸಿ," ಎಂದಳು. ಅಕ್ಕ ನಗುತ್ತಲೇ ಇದ್ದಳು. ಅಳಬಾರದೆಂಬ ನಿಯಮ ಇತ್ತಲ್ಲ.

"ಆ ಮಗು ಕ್ಷಮಿಸಿ ಅಂದಾಗ ನಾನು ಹಲ್ಲು ಕಿರಿದುಕೊಂಡು ನಿಂತಿದ್ದೆ ಕಣೇ! ಏನಂದ್ಕೊಂಡ್ಳೋ."

"ಅವಳಿಗೂ ಗೊತ್ತಲ್ಲಕ್ಕಾ, ನೀನು ಬಾಡಿಗೆ ಅಂತ."

"ಗೊತ್ತು. ಆದ್ರೂ."

ಮದುವೆಯ ನಂತರ ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಬುತ್ತಿ ಕಳಿಸುವ ರೂಢಿ. ದಾಸೊಲ್‌ಗೆ ಕಳಿಸುವವರು ಯಾರಿದ್ದಾರೆ ಎಂದು ಅಕ್ಕನಿಗೆ ನಿದ್ದೆ ಬರಲಿಲ್ಲ. ಯಾರೂ ಹೇಳದೆ, ಯಾರೂ ಕೇಳದೆ, ತಾನೇ ಪಕ್ಕೆಲುಬಿನ ಮಾಂಸ ಬೇಯಿಸಿ, ಬಗೆಬಗೆಯ ದೋಸೆ ಹುಯ್ದು, ಬಿದಿರಿನ ಬುಟ್ಟಿಯಲ್ಲಿ ಜೋಡಿಸಿ ಗುಲಾಬಿ ಬಟ್ಟೆ ಕಟ್ಟಿ ಮಾ ಕೈಯಲ್ಲಿ ಕೊಟ್ಟು ಕಳಿಸಿದಳು. ಮಾ ಗೊಣಗಿದ. "ಅಮ್ಮಾ, ಒಪ್ಪಂದದಲ್ಲಿ ಇದಿಲ್ಲ. ಹೀಗೆ ಹಚ್ಕೊಂಡ್ರೆ ಕೆಲಸ ಕೆಡತ್ತೆ."

"ತಗೊಂಡ್ ಹೋಗಯ್ಯಾ. ಆರಿ ಹೋಗತ್ತೆ."

ಬೇಸಿಗೆಯೆಲ್ಲ ಅಕ್ಕ ಇನ್ನೂ ಚಡಪಡಿಸಿದಳು. ಹಲ್ಲು ನೋಯುತ್ತಿದೆ ಎನ್ನುವಳು, ನೋವಿರಲಿಲ್ಲ. ಆ ಹುಡುಗಿಯ ಆಸ್ಪತ್ರೆಯ ಕಡೆ ಹೋಗುವ ಬಸ್ಸಿನ ನಂಬರನ್ನು ನನ್ನನ್ನು ಕೇಳಿ, ನಾನು ಹೇಳಿದರೆ, "ಸುಮ್ನೆ ಕೇಳ್ದೆ," ಎಂದು ಮತ್ತೆ ಕಟ್ಟೆ ಒರೆಸಲು ಓಡುವಳು.

ಸುಗ್ಗಿಯ ಹಬ್ಬ ಹತ್ತಿರ ಬಂತು. ಎಲ್ಲರೂ ಹೊಸ ಎಳ್ಳಿನ ಎಣ್ಣೆ ತೆಗೆಸುವ ಕಾಲ. ನನಗೆ ಕೈ ಬಿಡುವಿಲ್ಲ. ಮಧ್ಯಾಹ್ನ ಒಬ್ಬ ಹೆಂಗಸು ಎಳ್ಳಿನ ಚೀಲ ತಂದು, ತನ್ನೆದುರೇ ಹುರಿಯಬೇಕು, ಬೇರೆಯವರ ಎಳ್ಳು ಸೇರಿಸಬಾರದು ಎಂದು ಕಟ್ಟಪ್ಪಣೆ ಮಾಡಿದಳು. ನೆಟ್ಟಗಿನ ಬೆನ್ನು, ಇಸ್ತ್ರಿ ಮಾಡಿದ ಅಂಗಿ. ಹುರಿದು ಹಿಂಡುವವರೆಗೆ ಸಮಯ ಹಿಡಿಯುತ್ತದೆ ಎಂದಾಗ ಎದುರಿನ ಅಂಗಡಿಯತ್ತ ನಡೆದಳು.

ಅಕ್ಕ ಆಗ ತಲೆ ಬಗ್ಗಿಸಿ ಕಾಯಿಮೆಣಸಿನ ತೊಟ್ಟು ಬಿಡಿಸುತ್ತಿದ್ದಳು. ತಲೆ ಎತ್ತಿದಳು. ಅವಳ ಮುಖದ ಬಣ್ಣವೇ ಹೋದದ್ದು ನನಗೆ ಇಲ್ಲಿಂದಲೇ ಕಂಡಿತು. ಆ ಹೆಂಗಸು ಅವಳ ಮುಖವನ್ನು ನೇರವಾಗಿ ನೋಡಿದಳು. ಗುರುತಿನ ಸುಳಿವೂ ಇಲ್ಲ.

"ಈ ಎಳ್ಳೆಲೆ ಉಪ್ಪಿನಕಾಯಿ ಯಾವತ್ತಿಂದು?"

ಮದುವೆಯ ದಿನ ಪೂರ್ತಿ ನಗುತ್ತಿದ್ದ ಮುಖ ಅದು. ಈಗ ತುಟಿ ಜೋತುಬಿದ್ದ, ಏಪ್ರನ್ನಿಗೆ ಖಾರ ಮೆತ್ತಿಕೊಂಡ ಮಾರುಕಟ್ಟೆಯ ಹೆಂಗಸು. ಅಕ್ಕ ಸುಮ್ಮನೆ ಸಿಡುಕಿಕೊಂಡೇ "ನಿನ್ನೆದು" ಎಂದಿದ್ದರೆ ಅವಳು ಕೊಂಡು ಹೋಗಿಬಿಡುತ್ತಿದ್ದಳು. ಆದರೆ ಗಿರಾಕಿ ಮಾತಾಡಿಸಿದ್ದಳಲ್ಲ. ಶಟರ್ ಎದ್ದುಬಿಟ್ಟಿತು. ಅಕ್ಕ ನಕ್ಕಳು.

ಎದುರಿನವಳ ಕೈ ಡಬ್ಬಿಯ ಮೇಲೆಯೇ ನಿಂತಿತು. "ಬೀಗಿತ್ತಿ?" ಎಂದಳು. "ನೀವು ದಾಸೊಲ್ ಚಿಕ್ಕಮ್ಮ ಅಲ್ವಾ? ಪೊಹಾಂಗಿಂದ ಯಾವಾಗ ಬಂದ್ರಿ?"

ಆಗಲೇ ನನಗೆ ಅವಳು ಯಾರೆಂದು ಹೊಳೆದದ್ದು. ಎಳ್ಳನ್ನು ಹಾಗೇ ಬಿಟ್ಟು ಓಡಿದೆ. "ನನ್ನ ನೋಡೋಕೆ ಬಂದಿದ್ದಾರೆ ಅಮ್ಮಾ! ಹಳೇ ಗೆಳತಿ. ಅಂಗಡಿಯವ್ರಿಗೆ ಮೈ ಸರಿ ಇಲ್ಲ, ಸ್ವಲ್ಪ ಹೊತ್ತು ನೋಡ್ಕೊಳ್ತಿದ್ದಾರೆ..."

ಅಷ್ಟರಲ್ಲಿ ಪಕ್ಕದಿಂದ ಬಾಂಗ್ ಗಂಟಲು ಹರಿದುಕೊಂಡ: "ಪಿಲ್‌ನಾಮಕ್ಕಾ! ವರ್ಷಾನುಗಟ್ಲೆ ಪಕ್ಕದಲ್ಲಿದ್ದೀಯ, ಇನ್ನೂ ನಿನ್ನ ಪೀಪಾಯಿ ನನ್ನ ಜಾಗದಲ್ಲೇ ಇಡ್ತೀಯಲ್ಲ! ತೆಗೆಯೇ!"

ಚು ಬೊಕ್‌ಹಿ ತಲೆಯೆತ್ತಿ ಬೋರ್ಡು ನೋಡಿದಳು. 'ಪಿಲ್‌ನಾಮ್ ಪಲ್ಯದಂಗಡಿ' ಎಂದು ಕೆಂಪು ಅಕ್ಷರದಲ್ಲಿತ್ತು. ಮದುವೆಯ ದಿನ ಹೇಳಿದ್ದ ಹೆಸರು ಬೇರೆ. ಅವಳು ಏನೂ ಕೇಳಲಿಲ್ಲ. ಎಳ್ಳೆಲೆ ಕೊಂಡಳು, ಎಣ್ಣೆ ತೆಗೆದುಕೊಂಡಳು, ಇಬ್ಬರಿಗೂ ತಲೆಬಾಗಿ, ಒಂದು ನಗು ನಕ್ಕು ಹೋದಳು.

"ಗೊತ್ತಾಗ್ಲಿಲ್ಲ ಅನ್ಸತ್ತೆ ಅಕ್ಕಾ. ನಕ್ಕೊಂಡೇ ಹೋದ್ರಲ್ಲ," ಎಂದೆ.

"ನಗು ಅಂದ್ಯಾ ಅದನ್ನ? ಒಕ್ಜಿ ಉಸುಮ್ ಕಣೇ ಅದು. ನನಗೆ ಹೇಳಿಕೊಡ್ಬೇಡ." ಅಕ್ಕ ಏಪ್ರನ್ನಿನ ಗಂಟು ಬಿಚ್ಚುತ್ತಿದ್ದಳು, ಬೆರಳಿಗೆ ಗಂಟೇ ಸಿಗುತ್ತಿರಲಿಲ್ಲ. "ಹಬ್ಬಕ್ಕೆ ಆ ಮಗು ಅವರ ಮನೆಗೆ ಹೋಗತ್ತೆ. ಏನೂ ಗೊತ್ತಿಲ್ದೆ ಹೋಗತ್ತೆ."

ಮಾಗೆ ಫೋನು ಮಾಡಿದಳು. ಅವನು, "ಯಾರನ್ನೂ ನೋಡ್ಲೇ ಇಲ್ಲ ಅನ್ನಿ, ಫೋನ್ ನಂಬರ್ ಬದಲಾಯಿಸಿ," ಎಂದ. ಅವನಿಗೆ ಬೈದು ಇಟ್ಟಳು. ಅಂಗಡಿಯ ಮೇಲೆ ತಾಡಪಾಲು ಎಳೆದು ಬಸ್ಸು ಹತ್ತಿದಳು. ಬಸ್ಸಿನಲ್ಲೂ ಕೂರಲಿಲ್ಲವಂತೆ.

ಹಲ್ಲಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ದಾಸೊಲ್ ವಿಷಯ ಕೇಳಿ ಗೋಡೆಗೆ ಒರಗಿದಳು.

"ನೀವ್ಯಾಕೆ ನಕ್ಕಿರಿ?" ಎಂದಳು. ಮೊದಲ ಮಾತೇ ಅದು. "ನಗದೆ ಇದ್ದಿದ್ರೆ ಗೊತ್ತೇ ಆಗ್ತಿರ್ಲಿಲ್ಲ ಅಂತೀರಿ. ಮತ್ಯಾಕೆ ನಕ್ಕಿರಿ?"

"ಬಂದ್ಬಿಡ್ತು ಮಗಾ."

"ನಿಮಗೆ ಬರತ್ತೆ. ನನ್ನ ಸಂಸಾರ ಏನಾಗ್ಬೇಕು?" ಅವಳು ಅಳಲಿಲ್ಲ. ಮಾಸ್ಕನ್ನು ಎಳೆದು ಮುಖಕ್ಕೆ ಹಾಕಿಕೊಂಡಳು. "ಬುತ್ತಿ ಕಳಿಸಿದ್ದು ನೀವೇನಾ? ಅತ್ತೆ ಅವರ ನಾದಿನಿಯರಿಗೆಲ್ಲ ಹಂಚಿ ಹೊಗಳಿದ್ರು. ನಾನು ದಿನಾ ಹೆದರ್ತಿದ್ದೆ. ಚಿಕ್ಕಮ್ಮನ್ನ ಕರಿ, ಚಿಕ್ಕಮ್ಮ ಹೇಗಿದ್ದಾರೆ ಅಂತ ಕೇಳ್ತಾನೇ ಇರ್ತಾರೆ. ಒಂದು ಸುಳ್ಳಿಗೆ ದಿನಾ ನೀರೆರೆದು ಸಾಕ್ತಿದ್ದೀನಿ."

ಇಬ್ಬರೂ ಏನನ್ನೂ ತೀರ್ಮಾನಿಸಲಿಲ್ಲ. ಒಳಗಿನಿಂದ ಯಾರೋ ಕರೆದರು, ದಾಸೊಲ್ ಹೋದಳು. ಹೋಗುವ ಮೊದಲು ಅತ್ತೆಯ ಮನೆ ಎಲ್ಲಿ ಎಂದು ಅಕ್ಕ ಕೇಳಿದಳು. ಹುಡುಗಿ ವಿಳಾಸ ಹೇಳಿದಳು.

ಮರುದಿನ ಬೆಳಿಗ್ಗೆ ಅಕ್ಕ ಚು ಬೊಕ್‌ಹಿಯ ಫ್ಲ್ಯಾಟಿನ ಬಾಗಿಲು ತಟ್ಟಿದಳು. ನಾನೂ ಬರುತ್ತೇನೆ ಎಂದರೆ ಬೇಡ ಎಂದಳು. ದಾರಿಯಿಡೀ ಒಂದೇ ಮಾತು ಹೇಳಿಕೊಂಡು ಹೋದಳಂತೆ: ನಗಬಾರದು, ನಗಬಾರದು.

ಬಾಗಿಲು ತೆರೆದ ಚು ಬೊಕ್‌ಹಿ ಒಳಗೆ ಬಿಟ್ಟಳು, ಕೂರಲು ದಿಂಬು ಕೊಡಲಿಲ್ಲ. ಅಕ್ಕ ಬರಿ ನೆಲದ ಮೇಲೆ ಮಂಡಿಯೂರಿ, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು. ತಾನು ಚಿಕ್ಕಮ್ಮನಲ್ಲ, ಆ ಹುಡುಗಿಗೆ ಯಾರೂ ಇಲ್ಲ, ಸುಳ್ಳು ಶುರು ಮಾಡಿದ್ದು ಹುಡುಗಿಯಲ್ಲ ಎಂದಳು. ಯಾರು ಎಂದು ಹೇಳಲಿಲ್ಲ. ತಾಯಿಗೆ ಹೇಳಬೇಕಾಗಿಯೂ ಇರಲಿಲ್ಲ.

"ಅನಾಥೆ ಅಂದಿದ್ರೆ ನಾನು ಬೇಡ ಅಂತಿದ್ದೆ ಅಂದ್ಕೊಂಡ್ರಾ ಎಲ್ರೂ?" ಎಂದಳು ಚು ಬೊಕ್‌ಹಿ.

"ಅಂತಿರ್ಲಿಲ್ವಾ?"

ಆ ಮಾತು ಚುಚ್ಚಿತು. "ಅಂತಿದ್ನೋ ಏನೋ! ಅದು ನನ್ನ ಮನೆ ವಿಷಯ. ನೀವು ಯಾರು ಕೇಳೋಕೆ? ಇನ್ನೂರು ಜನರ ಮುಂದೆ ನಿಮ್ಮ ಕೈ ಹಿಡಿದು ದೀಪ ಹಚ್ಚಿಸಿದೆ. ಒಬ್ಬಳೇ ಸಾಕಿದ್ದಾಳೆ ಪಾಪ ಅಂತ ನನ್ನ ಕಣ್ಣಲ್ಲಿ ನೀರು ಬಂತು. ನೀವು ನಗ್ತಿದ್ರಿ! ನನ್ನ ಮಂಗ ಮಾಡಿ ನಗ್ತಿದ್ರಿ. ಒಕ್ಜಿ ಉಸುಮ್ ನಗೋ ಹೆಂಗಸನ್ನ ನಂಬಿದ್ನಲ್ಲ ನಾನು."

ಮುಖದ ಮೇಲೆಯೇ ಅಂದಳು. ಅಷ್ಟು ವರ್ಷದಲ್ಲಿ ಬಾಂಗ್ ಕೂಡ ಆ ಎರಡು ಶಬ್ದವನ್ನು ಅಕ್ಕನ ಎದುರಿಗೆ ಆಡಿರಲಿಲ್ಲ.

"ಹೌದು," ಎಂದಳು ಅಕ್ಕ. "ಒಕ್ಜೀನೇ. ನನಗೆ ಸಲೀಸಾಗಿ ಬರೋ ನಗು ಅಂತ ಒಂದಿಲ್ಲ. ಆವತ್ತು ಅಳು ಬರ್ತಿತ್ತು. ನಾನು ಅತ್ರೆ ಆ ಮಗೂನೂ ಅಳ್ತಿತ್ತು. ಮದುವೆ ದಿನ ಅಳಬಾರ್ದು ಅಂತ ಹಟ ಹಿಡಿದು ನಕ್ಕೆ. ನಿಮ್ಮನ್ನ ನೋಡಿ ನಗ್ಲಿಲ್ಲ. ನಿಮ್ಮ ಕೈ ಬಿಸಿ ಇತ್ತು, ಅದು ನೆನಪಿದೆ."

ಚು ಬೊಕ್‌ಹಿ ಎದ್ದು ಬಾಗಿಲು ತೆರೆದಳು. "ಹೋಗಿ," ಎಂದಳು.

ಅಕ್ಕ ಮಾರುಕಟ್ಟೆಗೆ ವಾಪಸ್ ಬಂದದ್ದು ನಡೆದುಕೊಂಡು. ಅಷ್ಟು ದೂರ ನಡೆದಿದ್ದಾಳೆ ಎಂದು ಅವಳಿಗೇ ಗೊತ್ತಿರಲಿಲ್ಲ. ಆ ದಿನ ಮಾ ಕೊಡುತ್ತಿದ್ದ ಕೆಲಸ ಬಿಟ್ಟಳು. ಹಾನ್‌ಬೋಕನ್ನು ಮಡಿಸಿ ನನ್ನ ಗಿರಣಿಯ ಅಟ್ಟದ ಮೇಲೆ ಇಡಲು ಕೊಟ್ಟಳು. ಮನೆಯಲ್ಲಿದ್ದರೆ ಕಣ್ಣಿಗೆ ಬೀಳುತ್ತದಂತೆ.

ಹಬ್ಬ ಕಳೆಯಿತು. ಏನಾಯಿತೆಂದು ತಿಳಿಯಲಿಲ್ಲ. ಗಿರಾಕಿಗಳಿಗೆ ಅಕ್ಕ ನಗುವುದನ್ನೇ ಬಿಟ್ಟಳು. ನಗಲು ಹೋದರೆ ಕೆನ್ನೆ ಹಿಡಿದುಕೊಂಡ ಹಾಗಾಗುತ್ತದೆ ಎನ್ನುತ್ತಿದ್ದಳು. ವ್ಯಾಪಾರ ಇಳಿಯಿತು. ಬಾಂಗ್ ಎರಡು ದಿನ ತಮಾಷೆ ಮಾಡಿ, ಮೂರನೆಯ ದಿನ ಸುಮ್ಮನಾಗಿ, ತನ್ನ ಗಿರಾಕಿಗಳಿಗೇ, "ಆ ಅಂಗಡೀಲಿ ಪಲ್ಯ ತಗೊಳ್ಳಿ. ಮುಖ ನೋಡ್ಬೇಡಿ, ರುಚಿ ನೋಡಿ," ಎಂದು ಹೇಳಿ ಕಳಿಸತೊಡಗಿದ. ಅಕ್ಕ ಗಲ್ಲಿಯ ತುದಿಗೆ ಹೋಗಿ ಬರುವುದು ಹೆಚ್ಚಾಯಿತು. ಬಸ್ಸು ನಿಂತ ಸದ್ದು ಕೇಳಿದರೆ ಕತ್ತು ಚಾಚುವಳು. ದಾಸೊಲ್ ಅತ್ತೆಯ ಮನೆಯಲ್ಲಿ ಇದ್ದಾಳೋ, ಜಗಳವಾಗಿ ಬಿಟ್ಟು ಬಂದಳೋ? ಕೇಳಲು ತಾನು ಯಾರು?

"ಹೋಗಿ ನೋಡ್ಕೊಂಡು ಬಾ ಅಕ್ಕಾ."

"ಯಾವ ಮುಖ ಇಟ್ಕೊಂಡು ಹೋಗ್ಲಿ?"

ಚಳಿ ಬಿತ್ತು. ಕೋಸಿನ ಲಾರಿಗಳು ಬಂದು ಗಲ್ಲಿ ತುಂಬಾ ಎಲೆ ಚೆಲ್ಲಿದವು. ವರ್ಷದ ಕಿಮ್ಚಿ ಹಾಕುವ ದಿನಗಳು. ಒಂದು ಬೆಳಿಗ್ಗೆ ಒಣಮೆಣಸಿನ ಪುಡಿ ಮಾಡಿಸಲು ಸಾಲು ನಿಂತವರ ನಡುವೆ ಆ ನೆಟ್ಟಗಿನ ಬೆನ್ನು ಕಂಡೆ. ನನ್ನ ಹತ್ತಿರವೇ ಬರುತ್ತಾಳೆ ಅಂದುಕೊಂಡೆ. ಆದರೆ ಚು ಬೊಕ್‌ಹಿ ಸಾಲು ಬಿಟ್ಟು ಎದುರಿಗೆ ಹೋದಳು. ಅಕ್ಕ ಕೈಯಲ್ಲಿದ್ದ ಮೂಲಂಗಿಯನ್ನು ಎದೆಗೆ ಹಿಡಿದು ನಿಂತಳು. ಈ ಸಲ ನಗು ಏಳಲಿಲ್ಲ.

"ಶನಿವಾರ ನಮ್ಮನೇಲಿ ಕಿಮ್ಚಿ ಹಾಕ್ತೀವಿ," ಎಂದಳು ಚು ಬೊಕ್‌ಹಿ. "ನನ್ನ ಮೂವರು ನಾದಿನಿಯರೂ ಬರ್ತಾರೆ. ನಿಮ್ಮ ಬುತ್ತಿ ತಿಂದಾಗಿಂದ ಆ ಚಿಕ್ಕಮ್ಮನ್ನ ಕರೆಸು, ಕೈರುಚಿ ಕಲೀಬೇಕು ಅಂತ ಪ್ರಾಣ ತಿಂತಿದ್ದಾರೆ. ಅಂಥ ಚಿಕ್ಕಮ್ಮನೇ ಇಲ್ಲ ಅಂತ ನಾನು ಅವರ ಮುಂದೆ ಹೇಗೆ ಹೇಳ್ಲಿ? ಸಾಯೋವರೆಗೂ ಆಡ್ಕೊಂಡು ನಗ್ತಾರೆ."

ಅಕ್ಕನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಅಂದ್ರೆ... ನಾನು ಮತ್ತೆ?"

"ಬಂದು ಒಂದು ದಿನ ಕೂತು ಹೋಗಿ. ಮಾಗೆ ಹೇಳಿ, ನಿಮಗೆ ಕೊಡ್ಬೇಕಾದ್ದು ಕೊಡ್ತೀನಿ."

"ಬಾಡಿಗೆಗೆ ಬರಲ್ಲ," ಎಂದಳು ಅಕ್ಕ ತಟ್ಟನೆ. "ಆ ಕೆಲಸ ಬಿಟ್ಟೆ. ಮೊದಲು ಹೇಳಿ, ಆ ಹುಡುಗಿ ಎಲ್ಲಿದ್ದಾಳೆ?"

"ಎಲ್ಲಿರ್ತಾಳೆ? ಗಂಡನ ಮನೇಲಿ. ಹಬ್ಬದ ದಿನ ನಾನು ಬಾಯಿ ತೆರೆಯೋ ಮೊದಲೇ ಅಡಿಗೆಮನೇಲಿ ನನ್ನ ಕಾಲಿನ ಹತ್ರ ಕೂತು ಎಲ್ಲ ಹೇಳಿದ್ಳು. ನನ್ನ ಮಗ ಬಚ್ಚಲಲ್ಲಿ ಅಡಗಿದ್ದ, ಹೇಡಿ. ಎರಡು ತಿಂಗಳು ಅವಳ ಜೊತೆ ಮಾತು ಬಿಟ್ಟಿದ್ದೆ." ಚು ಬೊಕ್‌ಹಿ ಪಲ್ಯದ ಡಬ್ಬಿಗಳ ಕಡೆ ನೋಡುತ್ತ ನಿಂತಳು. "ದಿನಾ ಬಂದು ಬಾಗಿಲಲ್ಲಿ ಸಾರು ಇಟ್ಟು ಹೋಗ್ತಾಳೆ. ಚೆನ್ನಾಗಿರಲ್ಲ. ಉಪ್ಪೇ ಇರಲ್ಲ. ಯಾರೂ ಕಲಿಸಿಲ್ಲ ಅವಳಿಗೆ."

ಅಕ್ಕ ಹೇಳಿದಳು: "ಅವಳು ಬಾ ಅಂದ್ರೆ ಬರ್ತೀನಿ. ನೀವು ಅಂದ್ರೆ ಅಲ್ಲ."

ಸಂಜೆ ದಾಸೊಲ್ ಫೋನು ಮಾಡಿದಳು. ಅಕ್ಕ ಫೋನನ್ನು ಕಿವಿಗೆ ಒತ್ತಿಕೊಂಡು ಗಲ್ಲಿಯಲ್ಲಿ ಮೇಲೆ ಕೆಳಗೆ ಓಡಾಡಿದಳು. ಬಂದು ನನಗೆ ಹೇಳಿದ್ದು ಇಷ್ಟೇ: "ಉಪ್ಪು ಎಷ್ಟು ಹಾಕ್ಬೇಕು ಅಂತ ಕೇಳಿದ್ಳು."

ಶನಿವಾರ ಒಂಟಿಯಾಗಿ ಹೋಗಲು ಹೆದರಿ, ಖಾರದ ಪುಡಿ ಹೊರಲು ಎಂದು ನೆಪ ಮಾಡಿ ನನ್ನನ್ನೂ ಕರೆದೊಯ್ದಳು. ಚು ಬೊಕ್‌ಹಿಯ ಹಜಾರದಲ್ಲಿ ಪ್ಲಾಸ್ಟಿಕ್ ಹಾಸಿ, ಉಪ್ಪು ಹಾಕಿ ಬಾಡಿಸಿದ ಕೋಸು ಗುಡ್ಡೆ ಹಾಕಿದ್ದರು. ಮೂವರು ನಾದಿನಿಯರು ಕೆಂಪು ಕೈಗವಸು ತೊಟ್ಟು ಸುತ್ತ ಕೂತಿದ್ದರು. "ಪೊಹಾಂಗ್ ಬೀಗಿತ್ತಿ ಬಂದ್ರು!" ಎಂದು ಹಿರಿಯವಳು ಕೂಗಿದಳು. "ಅಲ್ಲಿ ಒಣಮೀನು ಈಗ ಹೇಗಿದೆ? ಮೀನು ಒಣಗಿಸೋ ಗಾಳಿ ಶುರುವಾಯ್ತಾ?"

ಅಕ್ಕ ಪೊಹಾಂಗಿಗೆ ಜನ್ಮದಲ್ಲಿ ಕಾಲಿಟ್ಟವಳಲ್ಲ. ನನ್ನ ಕಡೆ ನೋಡಿದಳು, ದಾಸೊಲ್ ಕಡೆ ನೋಡಿದಳು. ಹುಡುಗಿಯ ಮುಖ ಬಿಳಿಚಿತ್ತು. ಆಗ ಚು ಬೊಕ್‌ಹಿ ಬೋಗುಣಿಯಿಂದ ತಲೆ ಎತ್ತದೆಯೇ ಹೇಳಿದಳು: "ಈಗ ಬೀಗಿತ್ತಿ ಇಲ್ಲೇ ಇಂಚಾನಿಗೆ ಬಂದುಬಿಟ್ಟಿದ್ದಾರೆ. ಮಾರುಕಟ್ಟೇಲಿ ಅಂಗಡಿ ಹಾಕಿದ್ದಾರೆ. ಮಾತು ಸಾಕು, ಬೆಳ್ಳುಳ್ಳಿ ಕೊಡಿ."

ಹೇಳಿ ನಕ್ಕಳು. ಅಂಥ ಮೊಂಡು ನಗುವನ್ನು ನಾನು ಅಕ್ಕನ ಮುಖದ ಮೇಲೂ ಕಂಡಿರಲಿಲ್ಲ. ಬೇಯಿಸಿದ ಹಂದಿಮಾಂಸ ಬಂತು. ದಾಸೊಲ್ ಹಸಿ ಕಿಮ್ಚಿಯ ಎಲೆಯಲ್ಲಿ ಒಂದು ತುಂಡು ಸುತ್ತಿ, "ಚಿಕ್ಕಮ್ಮಾ, ಬಾಯಿ ತೆರೀರಿ," ಎಂದು ಅಕ್ಕನ ಬಾಯಿಗೆ ತುರುಕಿದಳು. ಕೆನ್ನೆ ಉಬ್ಬಿ, ತುಟಿ ಸುತ್ತ ಖಾರ ಮೆತ್ತಿ, ಕಣ್ಣಲ್ಲಿ ನೀರು ತುಂಬಿತು. ಖಾರ ಜಾಸ್ತಿಯಾಯಿತು ಎಂದು ಅಕ್ಕ ಸನ್ನೆ ಮಾಡಿದಳು. ಅಗಿಯುತ್ತಲೇ ಇದ್ದಳು.

ಆಮೇಲೆ ಎಲ್ಲವೂ ಸರಿಹೋಯಿತು ಎನ್ನಲಾರೆ. ಬೀಗಿತ್ತಿಯರಿಬ್ಬರೂ ಸೇರಿದರೆ ಈಗಲೂ ಕುಟುಕು ಮಾತು ತಪ್ಪಿದ್ದಲ್ಲ. "ಇವತ್ತಿನದು ನಿಜವಾದ ನಗುವಾ, ಅಂಗಡೀದಾ?" ಎಂದು ಚು ಬೊಕ್‌ಹಿ ಕೇಳುವುದುಂಟು. "ನಿಮ್ಮದು ಯಾವುದೋ ಅದೇ," ಎಂದು ಅಕ್ಕ ಉತ್ತರಿಸುವುದುಂಟು. ದಾಸೊಲ್ ಭಾನುವಾರ ಅಂಗಡಿಗೆ ಬಂದು ಅಡಿಗೆ ಕಲಿತಳು. ಉಪ್ಪಿನ ಹದ ಅವಳಿಗೆ ಇನ್ನೂ ಹತ್ತಿಲ್ಲ. ಅವಳಿಗೆ ಮಗಳು ಹುಟ್ಟಿದ್ದಾಳೆ, ಶಾಲೆಗೆ ಹೋಗುತ್ತಾಳೆ. ನಾದಿನಿಯರಲ್ಲಿ ಕಿರಿಯವಳಿಗೆ ನಿಜ ಗೊತ್ತಾಗಿದೆ ಎಂದು ಅಕ್ಕನಿಗೆ ಗುಮಾನಿ. ಗಲ್ಲಿಯಲ್ಲಿ ಅಪರಿಚಿತ ಹೆಂಗಸು ಕಂಡರೆ ಈಗಲೂ ಅವಳ ಕೈ ನಿಲ್ಲುತ್ತದೆ. ಬಾಂಗ್ ಅವಳ ಹೆಸರು ಹಿಡಿದು ಕೂಗಿದರೆ ಈಗಲೂ ಬೆಚ್ಚುತ್ತಾಳೆ.

ಮೊನ್ನೆ ಆ ಮಗುವಿನ ಶಾಲೆಯಲ್ಲಿ ಆಟೋಟದ ದಿನ. ಅಕ್ಕ ಬೆಳಗಿನಿಂದ ಕಡಲಪಾಚಿಯ ಹಾಳೆಯಲ್ಲಿ ಅನ್ನದ ಸುರುಳಿ ಕಟ್ಟಿ, ಡಬ್ಬಿ ಮುಚ್ಚಿ, ತೆಗೆದು, ಮತ್ತೆ ಮುಚ್ಚಿ, ನನ್ನನ್ನು ಅಂಗಡಿ ಕಾಯಲು ನಿಲ್ಲಿಸಿ ಹೊರಟಳು. ಬಸ್ಸಿಗೆ ಇನ್ನೂ ಹೊತ್ತಿತ್ತು.

"ಈಗಲೇ ಹೋಗಿ ಏನು ಮಾಡ್ತೀಯ ಅಕ್ಕಾ?"

"ಬೀಗಿತ್ತಿ ಮೊದಲೇ ಹೋಗಿ ಮುಂದಿನ ಜಾಗ ಹಿಡಿದುಬಿಡ್ತಾಳೆ ಕಣೇ," ಎಂದು, ಬಸ್ಸಿಗೂ ಕಾಯದೆ, ಇಳಿಜಾರಿನ ಕಡೆ ನಡೆದೇಬಿಟ್ಟಳು.